ನಿಶ್ಚಿತಾರ್ಥದ ಫೋನು

ಹೊಸನಗರದ ಅಪೂರ್ವಾ ಲೈಸೆನ್ಸ್ ಪಡೆದ ಸರ್ವೇಯರ್. ಜಮೀನು ಅಳೆಯಲು ಊರೂರು ಸುತ್ತುವವಳು, ಬೇಲಿ ಜಗಳಕ್ಕೆ ನಿಂತ ಗಂಡಸರ ನಡುವೆ ನಕ್ಷೆ ಬಿಚ್ಚಿ ಮಾತಾಡುವವಳು. ಅಂಥವಳಿಗೆ ತನ್ನ ಫೋನನ್ನು ಅನುಮಾನಿಸಲು ಇಪ್ಪತ್ತು ದಿನ ಬೇಕಾಯಿತು.

ಫೋನು ಕೊಟ್ಟವನು ಹರ್ಷವರ್ಧನ. ತೀರ್ಥಹಳ್ಳಿಯಲ್ಲಿ ಟೈಲ್ಸ್ ವ್ಯಾಪಾರ, ಒಳ್ಳೆಯ ಮನೆತನ, ನಯವಾದ ಮಾತು. ಹುಂಚದಲ್ಲಿ ಇಬ್ಬರ ನಿಶ್ಚಿತಾರ್ಥವಾದ ದಿನ ತಾನೇ ಅವಳ ಸಿಮ್ ಹಾಕಿ, "ಎಲ್ಲಾ ಸೆಟ್ ಮಾಡಿದೀನಿ, ನೀನು ಸುಮ್ನೆ ಉಪಯೋಗಿಸಿದ್ರೆ ಸಾಕು" ಎಂದು ಅವಳ ಕೈಗಿಟ್ಟಿದ್ದ.

ಆಮೇಲೆ ಫೋನು ಬ್ಯಾಗಿನಲ್ಲಿ ಸುಮ್ಮನಿದ್ದರೂ ಬಿಸಿಯಾಗುತ್ತಿತ್ತು. ಮಧ್ಯಾಹ್ನದೊಳಗೆ ಚಾರ್ಜು ಖಾಲಿ, ಸಂಜೆಯೊಳಗೆ ಆ ದಿನದ ಡೇಟಾ ಖಾಲಿ. ಹಳ್ಳಿಗಳಲ್ಲಿ ಟವರ್ ಸರಿಯಿಲ್ಲ, ಅದಕ್ಕೇ ಹೀಗೆ ಎಂದುಕೊಂಡಳು. ಒಂದು ದಿನ ಹರ್ಷ ಕೇಳಿದ: "ರಿಪ್ಪನ್‌ಪೇಟೆಲಿ ಎರಡು ಗಂಟೆ ಎಂತ ಮಾಡ್ತಿದ್ದೆ?" ಯಾರೋ ನೋಡಿ ಹೇಳಿರಬೇಕು ಎಂದು ಸುಮ್ಮನಾದಳು. ಮರುವಾರ ಅವನೇ ನಗುತ್ತಾ, "ನಾನು ಪೊಲೀಸರ ಥರ ಪ್ರಶ್ನೆ ಕೇಳ್ತೀನಾ?" ಎಂದ. 'ಪೊಲೀಸರ ಥರ' ಎಂಬ ಮಾತನ್ನು ಅವಳು ಹಿಂದಿನ ದಿನ ಗೆಳತಿ ಕಾವ್ಯಾಳಿಗೆ ವಾಟ್ಸಾಪಿನಲ್ಲಿ ಬರೆದಿದ್ದಳು. ಬೇರೆ ಯಾರಿಗೂ ಹೇಳಿರಲಿಲ್ಲ.

ಅತ್ತು ಕೂರುವ ಹೆಣ್ಣಲ್ಲ ಅವಳು. ಫೋನನ್ನು ಕೋಣೆಯಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ ತಾಯಿ ಶೀಲಾವತಿಗೆ, "ಅಮ್ಮ, ಈಗ ನಿಂಗೊಂದು ಸುಳ್ಳು ಮೆಸೇಜ್ ಹಾಕ್ತೀನಿ, ಸುಮ್ನಿರು" ಎಂದಳು. ಬಂದು ಬರೆದಳು: 'ನಾಳೆ ಸಿಗಂದೂರಿಗೆ ಹೋಗ್ತೀನಿ, ಬರೋದು ತಡ.' ಅರ್ಧ ಗಂಟೆ ಕಳೆಯಲಿಲ್ಲ, ಹರ್ಷನ ಕರೆ ಬಂತು.

"ನಾಳೆ ಎಲ್ಲಾದ್ರೂ ಹೋಗ್ತಿದೀಯಾ? ಸಿಗಂದೂರು ಕಡೆ ಏನಾದ್ರೂ?"

"ಇಲ್ಲ," ಎಂದಳು ಅಪೂರ್ವಾ.

ಮರುದಿನ ಬೆಳಗ್ಗೆ ಸಾಗರದ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಕಾವ್ಯಾಳದ್ದು ಮೊಬೈಲ್ ರಿಪೇರಿ ಅಂಗಡಿ. ಅಪೂರ್ವಾ ಒಳಗೆ ಬಂದವಳೇ ಮಾತಾಡದೆ ಒಂದು ಚೀಟಿ ಮುಂದೆ ತಳ್ಳಿದಳು: 'ಇದರೊಳಗೆ ಯಾರೋ ಇದ್ದಾರೆ. ನಮ್ಮ ಮಾತೂ ಕೇಳಿಸಬಹುದು.'

ಕಾವ್ಯಾ ಓದಿದಳು. ಸಿಮ್ ತೆಗೆದಳು, ವೈಫೈ ಬಂದ್ ಮಾಡಿದಳು. "ಈಗ ಹೇಳು ಮಾರಾಯ್ತಿ."

ಹೇಳಿದ್ದನ್ನೆಲ್ಲ ಕೇಳಿ ಕಾವ್ಯಾ ಸೆಟ್ಟಿಂಗ್ಸ್ ತೆರೆದಳು. ಕೆಟ್ಟ ಆ್ಯಪ್‌ಗಳನ್ನು ಹಿಡಿಯುವ ಪ್ಲೇ ಪ್ರೊಟೆಕ್ಟನ್ನು ಯಾರೋ ಆಫ್ ಮಾಡಿದ್ದರು. ಪರದೆಯ ಮೇಲಿನದ್ದನ್ನೆಲ್ಲ ಓದಲು ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಯಲ್ಲಿ 'ಸಿಸ್ಟಮ್ ಸರ್ವಿಸ್' ಎಂಬ ಹೆಸರು, ಹಲ್ಲುಚಕ್ರದ ಚಿತ್ರ.

"ನೋಡು, ಕಂಪನಿದೇ ಅನ್ನೋ ಹಾಗೆ ವೇಷ ಹಾಕಿದೆ. ಮೈಕು, ಲೊಕೇಶನ್ನು, ಮೆಸೇಜು, ಎಲ್ಲದಕ್ಕೂ ಪರ್ಮಿಷನ್ ಇದೆ. ಪ್ಲೇ ಸ್ಟೋರಿಂದ ಬಂದಿದ್ದೂ ಅಲ್ಲ ಇದು."

"ಯಾವಾಗ ಹಾಕಿದ್ದು?"

ಕಾವ್ಯಾ ತಾರೀಕು ತೋರಿಸಿದಳು. ನಿಶ್ಚಿತಾರ್ಥದ ದಿನ, ಬೆಳಗ್ಗೆ ಏಳು ಇಪ್ಪತ್ತು. ಆ ಹೊತ್ತಿಗೆ ಅಪೂರ್ವಾ ಇನ್ನೂ ಸೀರೆ ಉಡುತ್ತಿದ್ದಳು.

"ತೆಗಿ," ಎಂದಳು.

"ತಡಿ. ತೆಗೆದ ತಕ್ಷಣ ಅವನಿಗೆ ಗೊತ್ತಾಗ್ತದೆ. ದೂರು ಕೊಡೋದಾದ್ರೆ ಫೋನು ಹೀಗೇ ಇಟ್ಟರೆ ಒಳ್ಳೇದು."

"ಗೊತ್ತಾಗ್ಲಿ. ಫೋಟೋ ತೆಗೆದಿಟ್ಟುಕೋ, ಸಾಕು. ಇನ್ನೊಂದು ನಿಮಿಷಾನೂ ಅವನನ್ನ ಇದರೊಳಗೆ ಕೂರ್ಸಲ್ಲ."

ಕಾವ್ಯಾ ತನ್ನ ಫೋನಿನಿಂದ ಪ್ರತಿ ಪರದೆಯ ಫೋಟೋ ತೆಗೆದಳು. ಆ್ಯಪನ್ನು ಅಳಿಸಲು ಹೋದರೆ ಗುಂಡಿ ಒತ್ತಲೇ ಬರಲಿಲ್ಲ. ಅದು ಫೋನಿನ ಆಡಳಿತದ ಅಧಿಕಾರವನ್ನೇ ಹಿಡಿದು ಕೂತಿತ್ತು. ಮೊದಲು ಆ ಅಧಿಕಾರ ಕಿತ್ತು, ಆಮೇಲೆ ಅಳಿಸಬೇಕು. ಕೊನೆಯ ಗುಂಡಿಯನ್ನು ಅಪೂರ್ವಾ ತಾನೇ ಒತ್ತಿದಳು. ಅಷ್ಟಕ್ಕೇ ಬಿಡಲಿಲ್ಲ, ಬೇಕಾದ ಫೋಟೋ, ನಂಬರು ಉಳಿಸಿಕೊಂಡು ಇಡೀ ಫೋನನ್ನೇ ರೀಸೆಟ್ ಮಾಡಿದರು. ಅಂಗಡಿಯ ಕಂಪ್ಯೂಟರಿನಲ್ಲಿ ಇಮೇಲ್, ಬ್ಯಾಂಕು ಎಲ್ಲದರ ಪಾಸ್‌ವರ್ಡ್‌ಗಳು ಬದಲಾದವು. ವಾಟ್ಸಾಪಿಗೆ ಅವಳರಿಯದ ಕಂಪ್ಯೂಟರೊಂದು ಜೋಡಣೆಯಾಗಿತ್ತು, ಅದನ್ನೂ ಹೊರಹಾಕಿದರು. ಸಿಮ್ಮನ್ನು ಅಪೂರ್ವಾ ಬ್ಯಾಗಿನಲ್ಲಿ ತಂದಿದ್ದ ತನ್ನ ಹಳೇ ಫೋನಿಗೆ ಹಾಕಿ, ಹೊಸ ಪಿನ್ ಇಟ್ಟಳು. ಕಾವ್ಯಾ ಬೇಕೆಂದೇ ಮುಖ ತಿರುಗಿಸಿ ನಿಂತಳು.

"ನಂಗೂ ಹೇಳ್ಬೇಡ. ಕಂಡೋರ ಲಿಂಕಿಂದ ಎಂತದೂ ಇಳಿಸ್ಬೇಡ. ಇನ್ಮೇಲೆ ಯಾರೇ ಸೆಟ್ ಮಾಡಿ ಕೊಡ್ತೀನಿ ಅಂದ್ರೂ ಫೋನು ನಿನ್ನ ಕೈಯಲ್ಲೇ ಇರ್ಲಿ."

ಸಿಮ್ ಹಾಕಿ ಹತ್ತು ನಿಮಿಷಕ್ಕೆ ಹರ್ಷ ಕರೆ ಮಾಡಿದ. "ನಿನ್ನ ಫೋನಿಗೆ ಎಂತ ಆಯ್ತು?"

"ಸರಿಯಾಯ್ತು," ಎಂದು ಇಟ್ಟಳು.

ಭಾನುವಾರ ತಂದೆ ತಾಯಿಯೊಂದಿಗೆ ತೀರ್ಥಹಳ್ಳಿಗೆ ಹೋದಳು. ತಂದೆ ಇಂದ್ರಕುಮಾರರು ದಾರಿಯುದ್ದಕ್ಕೂ, "ಮೆಲ್ಲಗೆ ಮಾತಾಡು, ನಾಲ್ಕು ಜನಕ್ಕೆ ಗೊತ್ತಾದ್ರೆ ಕಷ್ಟ" ಎನ್ನುತ್ತಲೇ ಇದ್ದರು. ಹರ್ಷನ ಮನೆಯ ಜಗಲಿಯಲ್ಲಿ ಅವನು, ಅವನ ತಾಯಿ, ಕಾಲೇಜಿಗೆ ಹೋಗುವ ತಂಗಿ ಸಮತಾ ಇದ್ದರು. ಅಪೂರ್ವಾ, ಕಾವ್ಯಾ ತೆಗೆದಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿ, ಯಾವುದು ಏನೆಂದು ವಿವರಿಸಿದಳು.

ಹರ್ಷ ಅಲ್ಲಗಳೆಯಲೂ ಇಲ್ಲ. "ಒಬ್ಳೇ ಕಾಡು ಮೇಡು ತಿರುಗ್ತೀಯ. ಹೆದ್ರಿಕೆ ಆಗಿ ಹಾಕಿದ್ದು."

"ಪ್ರೀತಿ ಇದ್ದಲ್ಲಿ ಕಾಳಜಿ ಇರ್ತದಮ್ಮ," ಎಂದರು ಅವನ ತಾಯಿ. "ಇಷ್ಟಕ್ಕೆಲ್ಲ ಮದುವೆ ಬಿಡ್ತಾರಾ?"

"ಕಾಳಜಿ ಇದ್ದೋರು ಕೇಳ್ತಾರೆ, ಕದ್ದು ನೋಡಲ್ಲ," ಎಂದಳು ಅಪೂರ್ವಾ. "ನಾನು ಅಮ್ಮನ ಹತ್ರ ಅತ್ತಿದ್ದು, ಗೆಳತಿ ಹತ್ರ ನಕ್ಕಿದ್ದು, ಎಲ್ಲಾ ಇವರು ಕೇಳಿದಾರೆ. ಇಂಥವರ ಮನೇಲಿ ನಾನು ಬಾಳಲ್ಲ." ಉಂಗುರ ಬಿಚ್ಚಿ ಅವನು ಕೊಟ್ಟ ಫೋನಿನ ಜೊತೆ ಮೇಜಿನ ಮೇಲಿಟ್ಟಳು.

ಹರ್ಷ ಎದ್ದು ನಿಂತ. "ಮದುವೆ ಮುರಿದ ಹುಡುಗೀನ ಯಾರು ಕೇಳ್ತಾರೆ, ನೋಡ್ತೀನಿ."

ಇಂದ್ರಕುಮಾರರು ಆವರೆಗೆ ತಲೆ ತಗ್ಗಿಸಿ ಕೂತಿದ್ದರು. ಈಗ ಎದ್ದರು. "ನೀನು ನೋಡಿದ್ದು ಸಾಕು," ಎಂದರು. "ನಡಿ ಮಗಾ. ಮೊದಲು ಸ್ಟೇಷನ್ನಿಗೆ ಹೋಗೋಣ."

ಠಾಣೆಯಲ್ಲಿ ದೂರು ಬರೆದುಕೊಳ್ಳುವವರು, "ಮನೆಯಲ್ಲೇ ಮಾತಾಡಿ ಮುಗಿಸಬಹುದಿತ್ತಲ್ಲ?" ಎಂದರು. ಅಪೂರ್ವಾ ಫೋಟೋಗಳನ್ನು ಮುಂದಿಟ್ಟು, ದೂರು ದಾಖಲಾಗುವವರೆಗೂ ಬೆಂಚು ಬಿಟ್ಟು ಕದಲಲಿಲ್ಲ. ಊರಲ್ಲಿ ಮಾತು ಹರಡಿತು. ಅವಳಿಗೇ ಕೊಬ್ಬು ಎಂದರು ಕೆಲವರು. ಅವಳು ಸೋಮವಾರ ಎಂದಿನಂತೆ ಅರಳಸುರಳಿಗೆ ಅಳತೆಗೆ ಹೋದಳು. ಯಾರಾದರೂ ಕೇಳಿದರೆ ಮುಚ್ಚಿಡದೆ ಹೇಳಿದಳು.

ಗುರುವಾರ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಹರ್ಷನ ತಂಗಿ ಸಮತಾ.

"ಅಕ್ಕಾ, ಇದು ಕಾಲೇಜಿನ ಗೆಳತಿ ಫೋನು. ನನ್ನ ಫೋನೂ ಅಣ್ಣನೇ ಸೆಟ್ ಮಾಡಿ ಕೊಟ್ಟಿದ್ದು. ನೀವು ಅವತ್ತು ತೋರಿಸಿದ ಆ ಹಲ್ಲುಚಕ್ರ... ನಂದ್ರಲ್ಲೂ ಇದೆ."

ಅಪೂರ್ವಾ ಅಳತೆಯ ಟೇಪನ್ನು ಸಹಾಯಕಿಯ ಕೈಗೆ ಕೊಟ್ಟು ಮರದ ನೆರಳಿಗೆ ಸರಿದಳು.

"ನಿನ್ನ ಫೋನಿಂದ ಯಾರಿಗೂ ಎಂತದೂ ಬರೀಬೇಡ. ಅಳಿಸೋಕೂ ಹೋಗ್ಬೇಡ," ಎಂದಳು. "ನಾಳೆ ನಾನೇ ಕಾಲೇಜಿನ ಹತ್ರ ಬರ್ತೀನಿ. ಇಬ್ರೂ ಸೇರಿ ತೆಗೆಯೋಣ."