ವಾಹನಕ್ಕೆ ತಲುಪದ ಕರೆಗಳು

ಆಂಬುಲೆನ್ಸ್ ನಿಯಂತ್ರಣ ಕೊಠಡಿಯ ಹಿಂದಿನ ಕೋಣೆಯಲ್ಲಿ ಕೂತು ಸದಾ ಹಳೆಯ ಸರ್ವರ್‌ಗಳ ಲಾಗುಗಳನ್ನು ಜಾಲಾಡುತ್ತಿದ್ದ ಅವಳಿಗೆ ಜೊತೆಯವರು ಲಾಗಮ್ಮ ಎಂದೇ ಹೆಸರಿಟ್ಟಿದ್ದರು. ಆ ಯಂತ್ರಗಳು ತಾವು ಮಾಡಿದ ಪ್ರತಿಯೊಂದು ಕೆಲಸವನ್ನೂ ಸಾಲುಸಾಲಾಗಿ ಬರೆದಿಟ್ಟಿದ್ದವು. ಅದನ್ನೆಲ್ಲ ಹೊಸ ವಿಶ್ಲೇಷಣಾ ವ್ಯವಸ್ಥೆಗೆ ಸೇರಿಸುವುದು ಅವಳ ಪಾಲಿಗೆ ಬಂದ ಕೆಲಸ. ಅದೇನು ಸುಲಭವಲ್ಲ. ಕರೆ ತೆಗೆದುಕೊಳ್ಳುವ ಯಂತ್ರ ಒಂದು, ಆ ಕರೆಯನ್ನು ವಾಹನಕ್ಕೆ ತಿಳಿಸುವ ಯಂತ್ರ ಇನ್ನೊಂದು. ಎರಡರ ಗಡಿಯಾರಗಳೂ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಇವೆರಡರ ಲಾಗುಗಳನ್ನು ಯಾರೂ ಯಾವತ್ತೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಗಡಿಯಾರಗಳನ್ನು ಹೊಂದಿಸಿ ಎರಡನ್ನೂ ಜೋಡಿಸಿದಾಗ ಕೆಲವು ಕರೆಗಳಿಗೆ ಜೋಡಿಯೇ ಸಿಗಲಿಲ್ಲ. ತನ್ನದೇ ತಪ್ಪಿರಬೇಕು ಎಂದುಕೊಂಡು ಮತ್ತೆ ಜೋಡಿಸಿದಳು. ಆಗಲೂ ಅಷ್ಟೇ. ಹುಡುಕುತ್ತ ಹೋದಂತೆ ಕಾರಣ ಬಿಚ್ಚಿಕೊಂಡಿತು: ಎರಡನೆಯ ಯಂತ್ರದ ಡಿಸ್ಕ್ ತುಂಬಿದಾಗಲೆಲ್ಲ ಅದು ಮಾತಿಲ್ಲದೆ ಕರೆಗಳನ್ನು ನುಂಗಿಬಿಡುತ್ತಿತ್ತು. ಕರೆ ಮಾಡಿದವರಿಗೆ ಮಾತ್ರ ವಾಹನ ಹೊರಟಿದೆ ಎಂಬ ಧ್ವನಿಮುದ್ರಿತ ಉತ್ತರ ಕೇಳಿಸುತ್ತಿತ್ತು.

ಅವಳಿಗೆ ಚಿಕ್ಕಪ್ಪನ ಮನೆ ನೆನಪಾಯಿತು. ವರ್ಷಗಳ ಹಿಂದೆ ಚಿಕ್ಕಪ್ಪ ತೀರಿಕೊಂಡ ದಿನ ಆಂಬುಲೆನ್ಸ್ ಬಂದಿರಲಿಲ್ಲ. ಮನೆಯ ಫೋನಿನಿಂದ ಕರೆ ಮಾಡಿದ್ದೇನೆ ಎಂದು ಚಿಕ್ಕಪ್ಪನ ಮಗ ಹೇಳಿದ್ದ. ಆಮೇಲೆ ಕೇಳಿದ್ದಕ್ಕೆ ಈ ಕಚೇರಿಯವರು ವಾಹನಕ್ಕೆ ತಿಳಿಸುವ ಯಂತ್ರದ ಲಾಗನ್ನಷ್ಟೇ ನೋಡಿ, ನಿಮ್ಮ ಮನೆಯಿಂದ ಕರೆಯೇ ಬಂದಿಲ್ಲ ಎಂದಿದ್ದರು. ಚಿಕ್ಕಂದಿನಿಂದಲೂ ಸುಳ್ಳಿಗೆ ಹೆಸರಾದ ಮಗ. ಚಿಕ್ಕಮ್ಮ ಕಚೇರಿಯ ಮಾತನ್ನೇ ನಂಬಿದರು. ಗಾಬರಿಯಲ್ಲಿ ಓಡಿಹೋಗಿ ಈಗ ಕಥೆ ಕಟ್ಟುತ್ತಿದ್ದಾನೆ ಎಂದು ಅವನ ಮುಖ ನೋಡುವುದನ್ನೇ ಬಿಟ್ಟರು. ಅವನೂ ಮನೆ ಬಿಟ್ಟ.

ಆ ದಿನದ ಲಾಗು ತೆರೆದಳು. ಚಿಕ್ಕಪ್ಪನ ಮನೆಯ ನಂಬರು ಅಲ್ಲಿತ್ತು. ಒಂದಲ್ಲ, ಮೂರು ಸಲ. ಮುಂದೆ ವಾಹನದ ಅಂಕಣ ಖಾಲಿ.

ಅದನ್ನು ವಿಭಾಗದ ಮುಖ್ಯಸ್ಥರಿಗೆ ತೋರಿಸಿದಳು. ಹಳೆಯದನ್ನೆಲ್ಲ ಸೇರಿಸುವುದು ಬೇಡ, ಹೊಸ ವ್ಯವಸ್ಥೆ ಶುರುವಾದ ದಿನದಿಂದ ಲೆಕ್ಕ ಹಿಡಿದರೆ ಸಾಕು ಎಂದರು. ಅವರೇನು ಕೆಟ್ಟವರಲ್ಲ, ಹೆದರಿದ್ದರು.

"ಇದರಲ್ಲಿ ಎಷ್ಟು ಮನೆಗಳಿವೆ ಅಂತ ಯೋಚನೆ ಮಾಡಿದೀಯಾ?" ಎಂದು ಕೇಳಿದರು.

"ಅದಕ್ಕೇ ಸಾರ್, ಸೇರಿಸ್ತೀನಿ."

ಸೇರಿಸಿದಳು. ವರದಿಗೆ ತನ್ನದೇ ಸಹಿ ಹಾಕಿ ಮೇಲಿನವರಿಗೆಲ್ಲ ಕಳಿಸಿದಳು. ವಾರ ಕಳೆಯುವುದರೊಳಗೆ ಅವಳನ್ನು ಪ್ರಿಂಟರ್ ದುರಸ್ತಿಯ ವಿಭಾಗಕ್ಕೆ ಎತ್ತಿಹಾಕಿದರು.

ಅಷ್ಟರೊಳಗೆ ಅವಳು ಚಿಕ್ಕಮ್ಮನ ಮನೆಗೆ ಹೋಗಿಬಂದಿದ್ದಳು. ಚಿಕ್ಕಮ್ಮ ಒಗೆದ ಬಟ್ಟೆ ಮಡಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು. ಅಳಲಿಲ್ಲ.

"ಮೂರು ಸಲ ಮಾಡಿದ್ನಾ?"

"ಹೂಂ ಚಿಕ್ಕಮ್ಮ."

"ನನ್ನೆದುರಿಗೇ ನಿಂತು ಹೇಳಿದ್ದ ಕಣೇ. ಮೂರು ಸಲ ಮಾಡ್ದೆ ಅಮ್ಮ ಅಂತ. ನಾನು ಅವನ ಕೆನ್ನೆಗೆ ಹೊಡೆದೆ."

ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದರು. ಅವನಿಗೆ ಬರಲು ಹೇಳು ಎಂದರು.

ಚಿಕ್ಕಪ್ಪನ ಮಗ ಊರಿನ ಇನ್ನೊಂದು ತುದಿಯಲ್ಲಿ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಗೋದಾಮಿನ ಮುಂದೆ ಪೆಟ್ಟಿಗೆ ಇಳಿಸುತ್ತಿದ್ದವನ ಪಕ್ಕ ನಿಂತು ಅವಳು ಎಲ್ಲ ಹೇಳಿದಳು. ಅವನ ಮುಖ ಅರಳುತ್ತದೆ ಎಂದುಕೊಂಡಿದ್ದಳು. ಅವನು ಕೈಲಿದ್ದ ಪೆಟ್ಟಿಗೆ ಇಳಿಸಿ ಅದರ ಮೇಲೆ ಕೂತ.

"ಆಮೇಲಾಮೇಲೆ ನಂಗೇ ಅನುಮಾನ ಬಂದಿತ್ತು," ಎಂದ. "ಎಲ್ರೂ ಮಾಡಿಲ್ಲ ಮಾಡಿಲ್ಲ ಅಂದ್ರಲ್ಲ. ನಿಜವಾಗ್ಲೂ ಮಾಡಿದ್ನಾ, ಇಲ್ಲ ಮಾಡ್ದೆ ಅಂತ ಅಂದ್ಕೊಂಡಿದ್ದೀನಾ ಅಂತ. ಅಪ್ಪನ್ನ ನಾನೇ ಸಾಯಿಸ್ದೆ ಅಂದ್ಕೊಂಡೇ ಇಷ್ಟು ವರ್ಷ ಬದುಕಿದೀನಿ."

ಅಮ್ಮ ಕರೆಯುತ್ತಿದ್ದಾರೆ ಎಂದಳು. ಅವನು ತಲೆ ಅಲ್ಲಾಡಿಸಿದ. ಅಮ್ಮನ ಮೇಲೆ ಸಿಟ್ಟಿಲ್ಲ, ಆದರೆ ಆ ಮನೆಯ ಬಾಗಿಲಲ್ಲಿ ನಿಲ್ಲಲು ಕಾಲು ಬರುವುದಿಲ್ಲ ಎಂದ. ಆಮೇಲೆ ಮೇಲೆದ್ದು ಉಳಿದ ಪೆಟ್ಟಿಗೆಗಳನ್ನು ಇಳಿಸಿದ.

ಅವನು ಹೋಗಲಿಲ್ಲ. ಚಿಕ್ಕಮ್ಮನೇ ಒಂದು ಭಾನುವಾರ ಗೋದಾಮಿನ ತನಕ ನಡೆದು ಹೋದರಂತೆ. ಅಂದು ಅವನಿಗೆ ರಜೆ. ಕಾವಲುಗಾರ ಕುರ್ಚಿ ಕೊಟ್ಟನಂತೆ. ಕತ್ತಲಾಗುವವರೆಗೂ ಕೂತಿದ್ದು ವಾಪಸು ಬಂದರು.

ವರದಿಗೆ ಇನ್ನೂ ಉತ್ತರವಿಲ್ಲ.