ಬೇಕಂತ ಚೆಲ್ಲಿದ ಜೋಳ

ಮುಬೀನಾಳ ಕೆಲಸ ಜೋಳ ಚೆಲ್ಲುವುದು. ಹಾಗೆಂದರೆ ಅಮ್ಮ ಮದೀನಾಬೀ ನಕ್ಕಾಳೆಂದು ಯಾದಗಿರಿಯ ಮನೆಯಲ್ಲಿ ‘ಯೂನಿವರ್ಸಿಟಿಯಲ್ಲಿ ಸಂಶೋಧನಾ ಸಹಾಯಕಿ’ ಎಂದಷ್ಟೇ ಹೇಳಿದ್ದಳು. ಅದೂ ಸುಳ್ಳಲ್ಲ. ಸೈಕಾಲಜಿ ಎಂ.ಎ. ಮುಗಿಸಿ, ಜನರ ನಡವಳಿಕೆಯನ್ನು ಅಭ್ಯಾಸ ಮಾಡುವ ವಿಭಾಗಕ್ಕೆ ಸೇರಿದ್ದಳು. ಗುರುತಿಲ್ಲದವರಿಗೆ ಯಾರು, ಎಷ್ಟು ಹೊತ್ತು ಸಹಾಯ ಮಾಡುತ್ತಾರೆಂದು ತಿಳಿಯುವುದು ಅಲ್ಲಿಯ ಪ್ರೊಫೆಸರ್ ಸುಮಂಗಲಾ ಅವರ ಪ್ರಯೋಗ. ಮೊದಲು ಶಹಾಪುರ, ಆಮೇಲೆ ಸುರಪುರ.

ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೇ ಕುಳಿತವರ ಮುಂದೆ ಹಾಯುವಾಗ ಮುಬೀನಾ ಜೋಳದ ಚೀಲದ ತಳದ ದಾರ ಎಳೆಯಬೇಕು. ಜೊತೆಗಾರ ಪ್ರವೀಣಕುಮಾರ ಚಹಾದಂಗಡಿಯಲ್ಲಿ ಕುಳಿತು ಮೊಬೈಲಿನಲ್ಲಿ ಹೊತ್ತು ದಾಖಲಿಸಬೇಕು. ಕೊನೆಗೆ ಇದು ಪ್ರಯೋಗವೆಂದು ತಿಳಿಸಿ ಒಪ್ಪಿಗೆ ಕೇಳಬೇಕು. ಒಪ್ಪದಿದ್ದರೆ ದಾಖಲೆ ಅಳಿಸಬೇಕು. ಅಲ್ಲಿಯವರೆಗೆ ಎಲ್ಲರೂ ನಕ್ಕು ಒಪ್ಪಿದ್ದರು.

ಆ ದಿನ ಜೋಳ ಸುರಿದದ್ದು ಕಂಬದ ಬುಡದಲ್ಲಿ ಕುಳಿತಿದ್ದ ಮುದುಕಿಯೊಬ್ಬಳ ಮುಂದೆ.

“ಅಯ್ಯ ಯವ್ವಾ, ನಿಂದ್ರು! ತುಳೀಬ್ಯಾಡ!” ಎಂದು ಮುದುಕಿ ಎದ್ದೇಬಿಟ್ಟಳು. ಸೆರಗು ಸಿಕ್ಕಿಸಿ, ನೆಲಕ್ಕೆ ಕುಳಿತು, ಎರಡೂ ಕೈಯಿಂದ ಬಳಿಯತೊಡಗಿದಳು. ಹೋಗಿಬರುವವರನ್ನು “ಆ ಕಡಿಂದ ಹೋಗ್ರಿ, ಕಾಳ ಬಿದ್ದಾವ, ಕಾಣಂಗಿಲ್ಲೇನ್ರಿ?” ಎಂದು ಗದರಿಸಿದಳು. ಕೈಯಾಡಿಸುತ್ತಲೇ ತನ್ನ ಹೆಸರು ಕರೆಮ್ಮ ಎಂದೂ, ಮೊಮ್ಮಗನನ್ನು ನೋಡಲು ಮಗಳ ಮನೆಗೆ ಬಂದು ದೇವಾಪುರಕ್ಕೆ ಮರಳುತ್ತಿರುವುದಾಗಿಯೂ ಹೇಳಿದಳು. ಅಷ್ಟರಲ್ಲಿ ದೇವಾಪುರದ ಬಸ್ಸು ಬಂತು.

“ಅವ್ವಾ, ನಿಮ್ಮ ಬಸ್ ಬಂತ್ರಿ. ನಾ ಆರಿಸ್ಕೋತೀನಿ, ನೀವ್ ಹೋಗ್ರಿ,” ಎಂದಳು ಮುಬೀನಾ.

“ಇನ್ನೊಂದ್ ಬರ್ತದ ಬಿಡು. ಜ್ವಾಳ ಬಿಟ್ಟು ಹೆಂಗ ಹೋಗ್ಲಿ?”

ಬಸ್ಸು ಹೋಯಿತು. ಕರೆಮ್ಮ ಬಿರುಕಿನೊಳಗಿನ ಕಾಳನ್ನೂ ಉಗುರಿನಿಂದ ಕೆದಕಿ ತೆಗೆದು, ಚೀಲದ ತಳಕ್ಕೆ ಗಂಟು ಬಿಗಿದು ಕೊಟ್ಟಳು. ಮುಬೀನಾ ಅವಳ ಪಕ್ಕ ಕುಳಿತು, ಹೇಳಬೇಕಾದದ್ದನ್ನು ಹೇಳಿದಳು.

“ಅಂದ್ರ, ನೀ ಬೇಕಂತನ ಚೆಲ್ಲಿದಿ?”

“ಹೌದ್ರಿ ಅವ್ವಾ. ಜನ ಹೆಂಗ ಸಹಾಯ ಮಾಡ್ತಾರಂತ ನೋಡಾಕ.”

“ತಿನ್ನೋ ಜ್ವಾಳ?”

ಮುಬೀನಾ ಚೀಲದ ತಳದ ಗಂಟಿನತ್ತ ನೋಡಿದಳು.

“ನಿನ್ನ ಮಾರಿ ನೋಡಿ, ಪಾಪ, ಈ ಹುಡುಗಿ ಮನ್ಯಾಗ ಬೈಸ್ಕೋತದ ಅನಕೊಂಡೆ,” ಎಂದಳು ಕರೆಮ್ಮ. “ನಿಮ್ಮ ಲೆಕ್ಕದಾಗ ನಾ ಬ್ಯಾಡ. ಅಳಿಸಿಬಿಡು.”

ಚಹಾದಂಗಡಿಯಲ್ಲಿದ್ದ ಪ್ರವೀಣಕುಮಾರನಿಗೆ ಅಳಿಸಲು ಮನಸ್ಸಿರಲಿಲ್ಲ. “ಬಸ್ ಬಿಟ್ಟು ಕುಂತಾಳ, ಮುಬೀನಾ! ಇಷ್ಟು ಹೊತ್ತು ಯಾರು ಕುಂತಾರ? ಇನ್ನೊಮ್ಮೆ ಕೇಳಿ ನೋಡು.”

“ಒಲ್ಲೆ ಅಂದಾಳ. ಅಳಸು.”

ಅವನು ಅಳಿಸುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಚಹಾ ಒಯ್ದು ಕೊಟ್ಟಳು, ಕರೆಮ್ಮ ಮುಟ್ಟಲಿಲ್ಲ. ಮುಬೀನಾ ಸ್ವಲ್ಪ ದೂರದಲ್ಲಿ ಕಾಯುತ್ತ ಕುಳಿತಳು. ಮುಂದಿನ ಬಸ್ಸು ಬಂದಾಗ ಜನ ಬಾಗಿಲಿಗೆ ಮುಗಿಬಿದ್ದರು. ಮುಬೀನಾ ಓಡಿಬಂದು ಮುದುಕಿಯ ಚೀಲಕ್ಕೆ ಕೈ ಹಾಕಿದಳು.

“ಇದೂ ಪರೀಕ್ಷಾ ಏನು?”

“ಅಲ್ರಿ ಅವ್ವಾ. ಇದು ಖರೇನ.”

ಕರೆಮ್ಮ ಅವಳ ಮುಖವನ್ನೇ ನೋಡಿದಳು. ಚೀಲವನ್ನು ಕಿತ್ತುಕೊಳ್ಳಲಿಲ್ಲ, ಬಿಡಲೂ ಇಲ್ಲ. ಇಬ್ಬರೂ ಒಂದೊಂದು ಹಿಡಿಕೆ ಹಿಡಿದೇ ಬಾಗಿಲವರೆಗೆ ಹೋದರು. ಕಿಟಕಿಯ ಬಳಿ ಸೀಟು ಸಿಕ್ಕರೂ ಮುದುಕಿ ಹೊರಗೆ ತಿರುಗಿ ನೋಡಲಿಲ್ಲ.

ಮುಬೀನಾ ಫೋನಿನಲ್ಲಿ ಎಲ್ಲವನ್ನೂ ಸುಮಂಗಲಾ ಅವರಿಗೆ ಹೇಳಿದಳು.

“ಅಳಿಸಿದ್ದು ಸರಿ,” ಎಂದರು ಅವರು. “ಜನರ ಬಸ್ ತಪ್ಪಬಹುದು ಅನ್ನೋದು ನನಗ ಮೊದಲೇ ಹೊಳೀಬೇಕಿತ್ತು. ಸದ್ಯ ನಿಲ್ಲಿಸಿ, ವಾಪಸ್ ಬರ್ರಿ.”

ಪ್ರಯೋಗ ಬದಲಾಯಿತು. ಸುರಪುರದಲ್ಲಿ ಜೋಳದ ಬದಲು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಂತು. ಬಸ್ಸು ಕಾಯುವವರನ್ನು ಬಿಟ್ಟು, ತರಕಾರಿ ಮಾರ್ಕೆಟ್ಟಿನ ಕಟ್ಟೆಯ ಮೇಲೆ ಬಿಡುವಾಗಿ ಕುಳಿತವರ ಮುಂದೆ ಬೀಳಿಸಬೇಕಾಯಿತು. ಜನ ಹೆಕ್ಕಿಕೊಟ್ಟರು, ಒಪ್ಪಿಗೆಯನ್ನೂ ಕೊಟ್ಟರು. ಆದರೂ ಯಾರಾದರೂ ಬಗ್ಗಿದ ಕೂಡಲೇ ‘ಸಾಕ್ರಿ, ಸಾಕ್ರಿ’ ಎಂಬ ಮಾತು ಮುಬೀನಾಳ ಬಾಯಿಗೆ ಬರುತ್ತಿತ್ತು. ಪ್ರಯೋಗ ಕೆಡುತ್ತದೆಂದು ನುಂಗಿಕೊಂಡು, ತಾನೂ ಬಗ್ಗಿ ಹಾಳೆಗಳನ್ನು ಆರಿಸುತ್ತಿದ್ದಳು.