ಕೆಸರಿನ ಟೈರು

ಗ್ಯಾರೇಜಿನವನು ಹೊಸ ಟೈರಿನ ಮೇಲೆ ಅಂಗೈ ಊರಿಕೊಂಡು ಇನ್ನೊಮ್ಮೆ ಕೇಳಿದ. "ಯೋಚನೆ ಮಾಡಿ ಸಾರ್. ವಾರಕ್ಕೆ ಆರು ದಿನ ಟಾರು ರೋಡು, ಒಂದು ದಿನ ಕೆಸರು. ಆ ಒಂದು ದಿನಕ್ಕೋಸ್ಕರ ಆರು ದಿನ ಕೆಡಿಸ್ಕೋತೀರಾ? ಎರಡಕ್ಕೂ ಆಗೋ ನಡುವಿನ ಟೈರು ಇದೆ, ಅದನ್ನ ಹಾಕ್ಲಾ?"

"ನಡುವಿಂದು ಅಂದ್ರೆ ಎರಡಕ್ಕೂ ಆಗದ್ದು. ಇದನ್ನೇ ಹಾಕಪ್ಪ," ಎಂದ ಪಂಪು ರಿಪೇರಿಯವನು.

ಅವನ ಪಿಕಪ್ ಗಾಡಿಯೇ ಅವನ ಅಂಗಡಿ. ಕೆಟ್ಟ ನೀರಿನ ಪಂಪು, ಪೈಪು, ತಾಮ್ರದ ತಂತಿಯ ಸುರುಳಿ ಎಲ್ಲವೂ ಅದರ ಬೆನ್ನ ಮೇಲೇ. ಎರಡು ವರ್ಷದ ಹಿಂದೆ ಗಿರಾಕಿಯೊಬ್ಬರು ಗುಡ್ಡದಾಚೆಯ ಕಲ್ಲುಕ್ವಾರಿಗೆ ಕರೆದಿದ್ದರು. ದಾರಿಯಲ್ಲೊಂದು ಹಳ್ಳ. ನೀರಿಗಿಳಿದ ಗಾಡಿ ಒಮ್ಮೆ ಮುಗ್ಗರಿಸಿ, ಉಸಿರು ಕಟ್ಟಿ, ಆಚೆ ದಡ ಹತ್ತಿದಾಗ ಅವನಿಗೆ ಮೈ ಜುಮ್ಮೆಂದಿತ್ತು. ನಲವತ್ತರ ಮೇಲೆ ಹತ್ತಿದ ಹುಚ್ಚು ಬೇಗ ಇಳಿಯುವುದಿಲ್ಲ. ಅಲ್ಲಿಂದಾಚೆ ಭಾನುವಾರ ಹಳ್ಳಕೊಳ್ಳಗಳಲ್ಲಿ ಗಾಡಿ ಓಡಿಸುವ ಗೆಳೆಯರ ಗುಂಪು ಸೇರಿದ. ಗಾಡಿಯನ್ನು ಒಂದು ಗೇಣು ಎತ್ತರಿಸಿದ. ಬಂಡೆಗೆ ಬಡಿಯುತ್ತವೆಂದು ಬಾಗಿಲ ಕೆಳಗಿನ ಮೆಟ್ಟಿಲುಗಳನ್ನು ಕಿತ್ತುಹಾಕಿಸಿದ. ಗುಂಪಿನವರು ಗಾಡಿಗೆ ಆನೆ ಎಂದು ಹೆಸರಿಟ್ಟರು.

ವಾರದ ದಿನಗಳಲ್ಲಿ ಆನೆ ಸಾಕುವ ಕಷ್ಟ ಅವನೊಬ್ಬನಿಗೇ ಗೊತ್ತು. ಮೊದಲು ಸೊಂಟದ ಮಟ್ಟಕ್ಕೆ ಎತ್ತಿದರೆ ಸಾಕಾಗಿದ್ದ ಪಂಪನ್ನು ಈಗ ಎದೆಯ ಮಟ್ಟಕ್ಕೆ ಎತ್ತಬೇಕು. ಬಲಭುಜ ಹಿಡಿದುಕೊಂಡಿತ್ತು. ದೊಡ್ಡ ಕಟ್ಟಡಗಳ ನೆಲಮಾಳಿಗೆಗೆ ಗಾಡಿ ನುಗ್ಗುತ್ತಿರಲಿಲ್ಲ, ಬೀದಿಯಲ್ಲಿ ನಿಲ್ಲಿಸಿ ಸಾಮಾನು ಹೊರಬೇಕು. ತಾನೇ ಕಟ್ಟಿಕೊಂಡ ಗಂಟು, ಯಾರ ಮುಂದೆ ಬಿಚ್ಚುವುದು?

ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ಅಕ್ಕ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವನಿಗೆ ಹನ್ನೆರಡು, ಅವಳಿಗೆ ಇಪ್ಪತ್ತು. ಅವನ ಓದು, ಅವನ ಮೊದಲ ಸ್ಪ್ಯಾನರ್ ಸೆಟ್ಟು ಎಲ್ಲ ಅವಳ ದುಡಿಮೆಯದು. ಅವನ ಮದುವೆ ಎರಡು ಸಲ ಕೂಡಿಬಂದು ತಪ್ಪಿತು. ಅವಳ ಮದುವೆಯ ಮಾತನ್ನು ಯಾರೂ ಎತ್ತಲೇ ಇಲ್ಲ. ಅವಳು ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ಬೆಳಿಗ್ಗೆ ಅವಳನ್ನು ಅಲ್ಲಿಗೆ ಬಿಟ್ಟು ಅವನು ಕೆಲಸಕ್ಕೆ ಹೋಗುವುದು. ಸಂಜೆ ಇಬ್ಬರೂ ದಣಿದಿರುತ್ತಿದ್ದರು. ಹಾಗಾಗಿ ಅಕ್ಕತಮ್ಮನ ಸುಖದುಃಖವೆಲ್ಲ ಆ ಇಪ್ಪತ್ತು ನಿಮಿಷದ ದಾರಿಯಲ್ಲೇ ಮುಗಿಯಬೇಕು.

ಗಾಡಿ ಎತ್ತರಿಸಿದ ಮರುದಿನ ಅಕ್ಕ ಬಾಗಿಲು ಹಿಡಿದು ನಿಂತು, "ಇದೇನೋ, ಮಾಳಿಗೆ ಹತ್ತೋ ಹಾಗಿದೆ. ನಾಳೆಯಿಂದ ಒಂದು ಏಣಿ ಇಡು," ಎಂದಿದ್ದಳು. ಅವನು ನಕ್ಕು ಮೊಣಕೈ ಹಿಡಿದು ಹತ್ತಿಸಿದ್ದ. ಹೊಸ ಟೈರು ಬಂದಮೇಲೆ ಸದ್ದು ಶುರುವಾಯಿತು. ದೊಡ್ಡ ರಸ್ತೆಗೆ ಬಂದು ವೇಗ ಹಿಡಿದರೆ ಕಾಲಡಿ ಜೇನುಗೂಡು ಕೆದಕಿದ ಹಾಗೆ ಒಂದೇ ಸಮನೆ ಗುಂಯ್ ಎನ್ನುವುದು. ಅಕ್ಕನದು ಮೊದಲೇ ಮೆಲುದನಿ. ಕೆಲವು ದಿನ ದನಿ ಏರಿಸಿ ನೋಡಿದಳು. ಆಮೇಲೆ ಬೇಕಾದಷ್ಟೇ ಮಾತಾಡತೊಡಗಿದಳು.

ಅಂಥದೇ ಒಂದು ಬೆಳಿಗ್ಗೆ ಅವಳು ಕಿಟಕಿಯ ಕಡೆ ಮುಖ ಮಾಡಿ ಏನೋ ಹೇಳಿದಳು. ಸ್ವಲ್ಪ ಉದ್ದದ ಮಾತೇ. ಅವನ ಕಿವಿಗೆ ಬಿದ್ದದ್ದು ಬಾಲ ಮಾತ್ರ: "...ಕೇಳ್ತಿದಾರೆ. ಏನು ಹೇಳ್ಲಿ?"

ಮನೆಯ ಹಿಂದಿನ ಕೋಣೆ ಖಾಲಿಯಿತ್ತು. ಆ ವಾರ ಇಬ್ಬರು ಬಂದು ಬಾಡಿಗೆಗೆ ಕೇಳಿದ್ದರು. ಅದೇ ಇರಬೇಕೆಂದುಕೊಂಡು, ಸದ್ದಿನ ಮೇಲೆ ಕೂಗಿ ಹೇಳಿದ: "ಬೇಡ ಅಂದ್ಬಿಡಕ್ಕ. ಇಷ್ಟು ದಿನ ನಾವಿಬ್ರೇ ಇರ್ಲಿಲ್ವಾ? ಹಾಗೇ ಇರೋಣ. ಯಾಕೆ ಬೇಕು ಆ ತಲೆನೋವು."

ಅಕ್ಕ ತಿರುಗಿ ಅವನನ್ನು ನೋಡಿದಳು. ತಲೆಯಾಡಿಸಿದಳು. ಅವಳನ್ನು ಇಳಿಸುವಾಗ ಅವನ ತಲೆಯಲ್ಲಿ ಭಾನುವಾರದ ಹಳ್ಳ ಹರಿಯುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಗ್ರಂಥಾಲಯದ ಪಂಪು ಕೆಟ್ಟಿತೆಂದು ಅವನಿಗೆ ಕರೆ ಬಂತು. ತೊಟ್ಟಿಯ ಪಕ್ಕ ಕೂತು ಮೋಟಾರು ಬಿಚ್ಚುತ್ತಿದ್ದಾಗ ಗ್ರಂಥಾಲಯದ ಮೇಡಂ ಟೀ ಹಿಡಿದು ಬಂದರು. "ಪ್ರೂಫ್ ಮೇಷ್ಟ್ರು ಊರು ಬಿಟ್ಟಮೇಲೆ ನಿಮ್ಮಕ್ಕ ಊಟಕ್ಕೂ ಹೊರಗೆ ಬರಲ್ಲ, ಗಮನಿಸಿದೀರಾ?"

"ಯಾವ ಮೇಷ್ಟ್ರು?"

ಮೇಡಂ ಅವನ ಮುಖವನ್ನೇ ನೋಡಿದರು. "ಪ್ರೆಸ್ಸಲ್ಲಿ ಪ್ರೂಫ್ ನೋಡ್ತಿದ್ರಲ್ಲ, ಹೆಂಡತಿ ತೀರಿಕೊಂಡವರು. ರಟ್ಟು ಕಟ್ಟಿಸೋಕೆ ಬಂದು ಬಂದು ಪರಿಚಯ. ಮದುವೆ ಆಗೋಣ ಅಂತ ಕೇಳಿದ್ರು. ನಿಮ್ಮಕ್ಕ ನಿಮ್ಮನ್ನ ಕೇಳಿ ಹೇಳ್ತೀನಿ ಅಂದ್ರಂತೆ. ನೀವೇ ಬೇಡ ಅಂದ್ರಿ ಅಂತ ಗೊತ್ತಾಯ್ತು. ಅವರು ಮಗಳ ಊರಿಗೆ ಹೋಗ್ಬಿಟ್ರು."

ಟೀ ಅಲ್ಲೇ ಆರಿತು. ಪಂಪು ಸರಿಮಾಡಿ, ಕೈ ತೊಳೆದು, ರಟ್ಟು ಕಟ್ಟುವ ಕೋಣೆಯ ಬಾಗಿಲವರೆಗೆ ಹೋದ. ಅಕ್ಕ ಪುಸ್ತಕವೊಂದರ ಬೆನ್ನಿಗೆ ಅಂಟು ಸವರುತ್ತಿದ್ದಳು. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಸಂಜೆ ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಾಗ ಎದುರು ಕೂತ. "ಅಕ್ಕ, ಅವತ್ತು ಗಾಡಿಯಲ್ಲಿ ನೀನು ಹೇಳಿದ್ದು ನಂಗೆ ಕೇಳಿಸ್ಲೇ ಇಲ್ಲ. ಹಿಂದಿನ ಕೋಣೆ ವಿಷಯ ಅಂದ್ಕೊಂಡೆ."

ಅವಳ ಕೈ ನಿಂತಿತು. "ಕೋಣೆ ವಿಷಯನಾ?" ಎಂದಳು. ನಗಲು ಹೋಗಿ ಬಿಟ್ಟಳು.

"ಫೋನ್ ಮಾಡು ಅವರಿಗೆ. ಬೇಕಾದ್ರೆ ನಾನೇ ಮಾತಾಡ್ತೀನಿ."

"ಏನಂತ? ನನ್ನ ತಮ್ಮಂಗೆ ಅವತ್ತು ಕೇಳಿಸ್ಲಿಲ್ಲ, ಇವತ್ತು ಕೇಳಿಸ್ತು ಅಂತನಾ? ಹೂಂ ಅನ್ನೋಕೆ ಒಂದು ಹೊತ್ತು ಇರತ್ತೆ ಕಣೋ. ಅದೂ ನನ್ನ ವಯಸ್ಸಲ್ಲಿ." ಇನ್ನೆರಡು ಬೀನ್ಸು ಮುರಿದು ಕೇಳಿದಳು, "ಕೇಳಿಸಿದ್ರೆ ಏನು ಹೇಳ್ತಿದ್ದೆ?"

ಹೂಂ ಅಂತಿದ್ದೆ ಎಂದು ಆ ಕ್ಷಣಕ್ಕೇ ಹೇಳಬೇಕಿತ್ತು. ಹೇಳಿದ, ಆದರೆ ಅಷ್ಟರಲ್ಲಿ ಅವನ ಕಣ್ಣ ಮುಂದೆ ಈ ಅಡುಗೆಮನೆ, ಒಂದೇ ತಟ್ಟೆ, ಕತ್ತಲ ಹಿಂದಿನ ಕೋಣೆ ಎಲ್ಲ ಹಾದುಹೋಗಿದ್ದವು. ಅಷ್ಟು ತಡವಾದದ್ದು ಅಕ್ಕನಿಗೆ ಕಂಡಿತು. ಅವಳು ತಟ್ಟೆ ಎತ್ತಿಕೊಂಡು ಒಲೆಯ ಕಡೆ ಹೋದಳು.

ಆ ವಾರವೇ ಅವನು ಗ್ಯಾರೇಜಿಗೆ ಹೋಗಿ ಗಾಡಿಯನ್ನು ಮತ್ತೆ ತಗ್ಗಿಸಿದ. ಮೊದಲಿನ ಟೈರು, ಮೊದಲಿನ ಎತ್ತರ, ಬಾಗಿಲಿಗೆ ಮೆಟ್ಟಿಲು. ನಾನು ಅವತ್ತೇ ಹೇಳಿದ್ದೆ ಎನ್ನುವ ಹಕ್ಕು ಗ್ಯಾರೇಜಿನವನಿಗಿತ್ತು. ಅವನು ಬೋಲ್ಟು ಮಾತ್ರ ಬಿಗಿಮಾಡಿದ.

ಮರುದಿನ ಬೆಳಿಗ್ಗೆ ಅಕ್ಕ ಯಾರ ಕೈಯೂ ಹಿಡಿಯದೆ ಹತ್ತಿ ಕೂತಳು. ದೊಡ್ಡ ರಸ್ತೆಯಲ್ಲಿ ಗಾಡಿ ಎಣ್ಣೆ ಹಚ್ಚಿದ ಹಾಗೆ ಸಾಗಿತು. ತಿರುವಿನ ಸಿಗ್ನಲ್ಲಿನಲ್ಲಿ ನಿಂತಾಗ ಇಂಡಿಕೇಟರಿನ ಟಿಕ್ ಟಿಕ್ ಕೂಡ ಕೇಳುತ್ತಿತ್ತು.

"ಏನಾದ್ರೂ ಹೇಳಕ್ಕ," ಎಂದ.

"ಏನಿದೆಯೋ ಹೇಳೋಕೆ," ಎಂದಳು ಅವಳು, ಸಿಟ್ಟಿಲ್ಲದೆ. ಬೆರಳ ತುದಿಯಲ್ಲಿ ಒಣಗಿದ್ದ ನಿನ್ನೆಯ ಅಂಟನ್ನು ಉಗುರಿನಿಂದ ಸಿಪ್ಪೆಸಿಪ್ಪೆಯಾಗಿ ಬಿಡಿಸುತ್ತ ಕೂತಳು. ಅವನು ಅದನ್ನೇ ನೋಡುತ್ತಿದ್ದ. ಹಿಂದಿನ ಗಾಡಿಯವನು ಹಾರನ್ ಒತ್ತುವವರೆಗೂ ದೀಪ ಹಸಿರಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.